ಬ್ರೇಕಮ್ಮನ ಬಲಗಾಲು

ಡ್ರೈವಿಂಗ್ ಸ್ಕೂಲಿನ ಮೇಡಂಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಅದು ಅವಳ ಲೈಸೆನ್ಸಿನಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಕಾರು ಕಲಿಯಲು ಬಂದವರು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಬ್ರೇಕಮ್ಮ ಎನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. "ಹಾರ್ನಮ್ಮ ಅನ್ನಲಿಲ್ವಲ್ಲ, ಅಷ್ಟೇ ಪುಣ್ಯ" ಎಂದು ನಕ್ಕು ಸುಮ್ಮನಾಗಿದ್ದಳು.

ಕಲಿಸುವ ಕಾರಿನಲ್ಲಿ ಕಲಿಯುವವರ ಕಾಲಡಿ ಒಂದು ಬ್ರೇಕು, ಪಕ್ಕದಲ್ಲಿ ಕೂತು ಕಲಿಸುವವರ ಕಾಲಡಿ ಇನ್ನೊಂದು ಬ್ರೇಕು ಇರುತ್ತದೆ. ಬ್ರೇಕಮ್ಮನ ಕಾರಿನಲ್ಲಿ ಆ ಎರಡನೆಯ ಪೆಡಲಿನ ರಬ್ಬರು ಸವೆದು ಒಳಗಿನ ಕಬ್ಬಿಣ ಇಣುಕುತ್ತಿತ್ತು. ಕಲಿಯುವವರ ಪೆಡಲಿನ ರಬ್ಬರು ಮಾತ್ರ ಅಂಗಡಿಯಿಂದ ಬಂದ ಹಾಗೇ ಇತ್ತು. ಎದುರಿಗೆ ಲಾರಿ ಬಂದರೆ ಯಾರಾದರೂ ಬ್ರೇಕ್ ಒತ್ತುತ್ತಾರೆ. ಇವಳು ಲಾರಿ ಬರಬಹುದಾದ ತಿರುವು ಕಂಡರೇ ಒತ್ತುತ್ತಿದ್ದಳು. ಫುಟ್‌ಪಾತಿನ ಮೇಲೆ ಚೆಂಡು ಹಿಡಿದ ಮಗು ಕಂಡರೆ ಒತ್ತುತ್ತಿದ್ದಳು. ಮಗುವಿನ ಕೈಯಲ್ಲಿ ಚೆಂಡಿಲ್ಲದಿದ್ದರೂ, ಜೇಬಿನಲ್ಲಿ ಇರಬಹುದಲ್ಲ ಎಂದು ಒತ್ತುತ್ತಿದ್ದಳು.

ಆ ಬಲಗಾಲು ಕಾರಿನಿಂದ ಇಳಿದ ಮೇಲೂ ತೆಪ್ಪಗಿರುತ್ತಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಬಂದರೆ ಕೈ ಗ್ಯಾಸ್ ಆರಿಸುವ ಮೊದಲೇ ಕಾಲು ನೆಲ ಒತ್ತುತ್ತಿತ್ತು. ಟೀವಿಯಲ್ಲಿ ಯಾರೋ ಮುದುಕಿ ಮೆಟ್ಟಿಲು ಇಳಿದರೆ ಸೋಫಾದ ಮುಂದಿನ ಟೀಪಾಯಿ ಒಂದು ಗೇಣು ಆಚೆ ಸರಿಯುತ್ತಿತ್ತು. ನಿದ್ದೆಯಲ್ಲಿ ಏಟು ಬೀಳುತ್ತಿದ್ದದ್ದು ಗಂಡನ ಮೊಣಕಾಲಿಗೆ. ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಆತ ತಾನಂತೂ ಕಾರು ಕಲಿಯಲೇ ಇಲ್ಲ. ಯಾಕೆಂದು ಕೇಳಿದವರಿಗೆ, "ಮನೇಲಿ ಒಂದು ಬ್ರೇಕ್ ಇದ್ರೆ ಸಾಕಪ್ಪ, ಎರಡಾದ್ರೆ ಸಂಸಾರ ಮುಂದಕ್ಕೆ ಹೋಗೋದು ಹೇಗೆ?" ಎನ್ನುತ್ತಿದ್ದ. ಚಪ್ಪಲಿ ಹೊಲಿಯುವವನು ಅವಳ ಚಪ್ಪಲಿಗಳನ್ನು ತಿರುಗಿಸಿ ನೋಡಿ, "ಅಮ್ಮಾ, ಎಡಗಾಲಿಂದು ಇನ್ನೂ ಮದುವೆಗೆ ಹಾಕ್ಕೊಂಡು ಹೋಗೋ ಹಾಗಿದೆ. ಬಲಗಾಲಿಂದು ಮಾತ್ರ ತೀರ್ಕೊಂಡಿದೆ" ಎಂದಿದ್ದ.

ಅವಳು ಮೊದಲಿನಿಂದ ಹೀಗಿರಲಿಲ್ಲ. ಅದೇ ಸ್ಕೂಲಿನಲ್ಲಿ ಫೋನೆತ್ತುವ ಕೆಲಸಕ್ಕೆ ಸೇರಿದವಳು. ಗಾಜಿನ ಬಾಗಿಲು, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಚಾರ್ಟು, ರಟ್ಟು ಮಡಿಚಿ ಒಂದು ಕಾಲಿನಡಿ ತುರುಕಿದ್ದ ಮೇಜು. ಹೆಂಗಸರು ಬಂದು "ಕಲಿಸೋಕೆ ಲೇಡೀಸ್ ಯಾರೂ ಇಲ್ವಾ?" ಎಂದು ಕೇಳಿ ವಾಪಸ್ ಹೋಗುವುದನ್ನು ನೋಡಿ ನೋಡಿ ಓನರ್ ಅವಳಿಗೇ ಓಡಿಸಲು ಕಲಿಸಿ, ಒಂದು ದಿನ ಕಾರಿನ ಕೀಯನ್ನು ಅವಳ ಮುಂದೆ ಇಟ್ಟ. ಆಗ ಅವಳು ಗಟ್ಟಿಗಿತ್ತಿ. ಕಲಿಯುವವರನ್ನು ಅವರ ಪಾಡಿಗೆ ಓಡಿಸಲು ಬಿಟ್ಟು ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದಳು.

ಮಗಳು ಹೊಟ್ಟೆಯಲ್ಲಿದ್ದಾಗ ಒಂದು ಬೆಳಿಗ್ಗೆ, ಹೊಸದಾಗಿ ಸೇರಿದ್ದ ಒಬ್ಬಾಕೆ ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿದಳು. ಕಾರು ಫುಟ್‌ಪಾತ್ ಹತ್ತಿ ಔಷಧಿ ಅಂಗಡಿಯ ಮೆಟ್ಟಿಲಿಗೆ ಗುದ್ದಿತು. ಯಾರಿಗೂ ಏನೂ ಆಗಲಿಲ್ಲ. ಮೆಟ್ಟಿಲಿನ ಮೂಲೆ ಮುರಿಯಿತು, ಅಷ್ಟೇ. ಆದರೆ ಸೀಟ್ ಬೆಲ್ಟು ಹೊಟ್ಟೆಗೆ ಬಿಗಿದ ಆ ಕ್ಷಣದಿಂದ, ಆಸ್ಪತ್ರೆಯಲ್ಲಿ ಡಾಕ್ಟರು ಮಗುವಿನ ಎದೆಬಡಿತ ಕೇಳಿಸಿ "ಚೆನ್ನಾಗಿದೆಯಮ್ಮ, ಗಾಬರಿ ಬೇಡ" ಎನ್ನುವವರೆಗೆ, ಅವಳು ಉಸಿರಾಡಿದ್ದು ಅವಳಿಗೆ ನೆನಪಿಲ್ಲ. ಆವತ್ತಿನಿಂದ ಅವಳ ಕಾಲು ಅವಳಿಗಿಂತ ಮುಂದೆ ಓಡಲು ಕಲಿಯಿತು. ಆಮೇಲೆ ಅವಳು ಕೂತ ಯಾವ ಕಾರಿಗೂ ಒಂದು ಗೀರು ಬಿದ್ದಿಲ್ಲ. ಅದನ್ನು ಅವಳು ಎಲ್ಲರಿಗೂ ಹೇಳುತ್ತಿದ್ದಳು. ಔಷಧಿ ಅಂಗಡಿ ಇದ್ದ ಬೀದಿಯಲ್ಲಿ ಮಾತ್ರ ಎದುರು ಸಾಲಿನ ಫುಟ್‌ಪಾತಿನಲ್ಲೇ ನಡೆಯುತ್ತಿದ್ದಳು. ಅದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಮಗಳನ್ನು ಬೆಳೆಸಿದ್ದೂ ಆ ಎರಡನೆಯ ಪೆಡಲಿನಿಂದಲೇ. ಜಾರುಬಂಡೆಯ ಕೆಳಗೆ ಕೈ ಚಾಚಿ ನಿಂತ ತಾಯಂದಿರು ಎಲ್ಲ ಪಾರ್ಕುಗಳಲ್ಲೂ ಸಿಗುತ್ತಾರೆ. ಮಗುವಿನ ಜೊತೆ ತಾನೂ ಜಾರಿ ಬರುತ್ತಿದ್ದ ತಾಯಿ ಇವಳೊಬ್ಬಳೇ. ಸೈಕಲ್ ಕಲಿಸುವಾಗ ಕ್ಯಾರಿಯರ್ ಹಿಡಿದು ಹಿಂದೆ ಓಡಿದಳು. ಮಗಳು ಕಲಿತ ಮೇಲೂ ಓಡಿದಳು. ಕೊನೆಗೆ ಆ ಮಗು ಎದುರುಮನೆಯವರ ಸೈಕಲ್ಲಿನಲ್ಲಿ ಎದುರುಮನೆಯವರ ಕಾಂಪೌಂಡಿನೊಳಗೆ ಸುತ್ತಿ, ಮಂಡಿ ತರಚಿಕೊಂಡು ಕಲಿತು ಬಂತು. ಇದನ್ನೆಲ್ಲ ಕೇಳಿ ನಗುವುದು ಸುಲಭ. ಆದರೆ ಮಲಗಿದ ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ಬರುತ್ತಿದೆಯೇ ಎಂದು ನೋಡಿದ ಯಾವ ಹೆಂಗಸೂ ಬ್ರೇಕಮ್ಮನನ್ನು ನೋಡಿ ಮನಸ್ಸು ಬಿಚ್ಚಿ ನಗಲಾರಳು. ತುಟಿಯವರೆಗೆ ಬಂದ ನಗು ಅಲ್ಲೇ ನಿಲ್ಲುತ್ತದೆ.

ಮಗಳು ದೊಡ್ಡವಳಾಗಿ ಫಿಜಿಯೋಥೆರಪಿ ಓದಿದಳು, ಕ್ಲಿನಿಕ್ ಒಂದಕ್ಕೆ ಸೇರಿದಳು. ಹಾಸಿಗೆ ಹಿಡಿದವರ ಮನೆಗೇ ಹೋಗಿ ಕೈಕಾಲು ಆಡಿಸಿ ವ್ಯಾಯಾಮ ಮಾಡಿಸುವ ಕೆಲಸ. ಓಡಾಡಲು ಕಾರು ಕೊಡುತ್ತೇವೆ, ಲೈಸೆನ್ಸ್ ಮಾಡಿಸಿಕೊಂಡು ಬನ್ನಿ ಎಂದರು ಕ್ಲಿನಿಕ್ಕಿನವರು. ಕಲಿಸಲು ಅಮ್ಮ ಇರುವಾಗ ಬೇರೆ ಯಾರು ಬೇಕು? ತಿಂಗಳುಗಟ್ಟಲೆ ಅಮ್ಮನ ಪಕ್ಕ ಕೂತು ಓಡಿಸಿದಳು. ಪರೀಕ್ಷೆಯ ದಿನ ಅಮ್ಮನ ಜಾಗದಲ್ಲಿ ಇನ್ಸ್‌ಪೆಕ್ಟರು ಕೂತರು. ಎಲ್ಲ ಸರಿಯಾಗಿಯೇ ನಡೆಯಿತು. ಕಾರು ನಿಲ್ಲಿಸಬೇಕಾದ ಬಿಳಿ ಗೆರೆ ಹತ್ತಿರ ಬಂತು. ಮಗಳು ಕನ್ನಡಿ ನೋಡಿದಳು, ಸ್ಟೇರಿಂಗನ್ನು ನೆಟ್ಟಗೆ ಹಿಡಿದಳು, ಕಾರು ನಿಲ್ಲಲಿ ಎಂದು ಕಾದಳು. ಕಾರು ನಿಲ್ಲಲಿಲ್ಲ. ಗೆರೆ ಹಿಂದೆ ಹೋಯಿತು. ಇನ್ಸ್‌ಪೆಕ್ಟರು ತಮ್ಮ ಕಾಲಡಿಯ ಬ್ರೇಕ್ ಒತ್ತಿ, ಕರ್ಚೀಫು ತೆಗೆದು ಹಣೆ ಒರೆಸಿಕೊಂಡು, "ಯಾರಿಗಮ್ಮಾ ಕಾಯ್ತಾ ಇದ್ರಿ?" ಎಂದು ಕೇಳಿದರು.

"ನಮ್ಮಮ್ಮಂಗೆ, ಸರ್" ಎಂದು ಮಗಳ ಬಾಯಿತಪ್ಪಿ ಬಂದುಬಿಟ್ಟಿತು.

ಆ ಸಂಜೆ ಮಗಳು ಊಟದ ಮೇಜಿನ ಎದುರು ಕೂತು, ಚೀಲವನ್ನೂ ಇಳಿಸದೆ ಹೇಳಿದಳು: "ನಾನು ಇನ್ಮೇಲೆ ನಿನ್ನ ಹತ್ರ ಕಲಿಯಲ್ಲ. ಬಸ್ ಸ್ಟ್ಯಾಂಡ್ ಹಿಂದಿರೋ ಸ್ಕೂಲಿಗೆ ಸೇರ್ತೀನಿ."

"ಅವನ ಹತ್ರನಾ? ಅವನು ಪಾಠ ಮಾಡ್ತಾ ಮಾಡ್ತಾ ಫೋನ್ ನೋಡ್ತಾನೆ ಕಣೇ!"

"ಅದಕ್ಕೇ ಸೇರೋದು. ಅವನು ಫೋನ್ ನೋಡುವಾಗ ನಾನು ರಸ್ತೆ ನೋಡ್ತೀನಿ."

ಪೇಪರಿನ ಹಿಂದಿನಿಂದ ಗಂಡ, "ಪಾಯಿಂಟ್ ಇದೆ" ಎಂದ.

"ನೀವು ಸುಮ್ನಿರಿ. ನಿಮಗೆ ಬೈಕಿನ ಸ್ಟ್ಯಾಂಡ್ ಹಾಕೋಕೂ ಬರಲ್ಲ" ಎಂದಳು ಬ್ರೇಕಮ್ಮ. ಬ್ಯಾಂಕಿನ ಮ್ಯಾನೇಜರಿಗೆ, ಅವರ ಸೊಸೆಗೆ, ಸೊಸೆಯ ತಂಗಿಗೆ ಕಲಿಸಿದವಳು ಸ್ವಂತ ಮಗಳನ್ನು ಬಸ್ ಸ್ಟ್ಯಾಂಡ್ ಹಿಂದಿನವನಿಗೆ ಒಪ್ಪಿಸಬೇಕು ಎಂಬ ಅವಮಾನ ಒಂದು ಕಡೆ. ಅದು ದೊಡ್ಡದಲ್ಲ. ನಾಳೆ ಈ ಹುಡುಗಿ ಊರಿನ ಎಲ್ಲ ರಸ್ತೆಗಳಲ್ಲಿ ಒಬ್ಬಳೇ ಹೋಗುತ್ತಾಳೆ. ಆಗ ಅವಳ ಕೈಕಾಲಿನಲ್ಲಿ ತಾನು ಕಲಿಸಿದ್ದು ಏನಾದರೂ ಇರಬೇಕಲ್ಲ? ಬೇರೆ ಯಾರದೋ ಕಲಿಕೆ ಇಟ್ಟುಕೊಂಡು ಹೋದರೆ ಮನೆಯಲ್ಲಿ ಕೂತು ತಾನು ಏನನ್ನು ನಂಬಿ ಕಾಯಬೇಕು?

ಒಂದೆರಡು ದಿನ ಹೀಗೇ ಕಳೆಯಿತು. ಆಮೇಲೆ ಮಗಳೇ ಒಂದು ದಾರಿ ತೆಗೆದಳು.

"ನನ್ನ ಮಂಡಲದ ಗುಂಪಿಗೆ ಬಾ, ಎಲ್ಲರೂ ಸೇರಿ ದುಂಡಗೆ ಒಂದೇ ಚಿತ್ರ ಬರೀತೀವಲ್ಲ, ಅಲ್ಲಿಗೆ. ನನ್ನ ಪಕ್ಕದಲ್ಲೇ ಕೂತ್ಕೊ. ಒಂದು ಮಂಡಲ, ನಡುವಿನ ಚುಕ್ಕೆಯಿಂದ ಅಂಚಿನವರೆಗೂ. ನನ್ನ ಭಾಗಕ್ಕೆ ಕೈ ಹಾಕದೆ ಮುಗಿಸಿದ್ರೆ ಕಾರು ನಿನ್ನ ಹತ್ರಾನೇ ಕಲೀತೀನಿ. ಹಾಕಿದ್ರೆ ಬಸ್ ಸ್ಟ್ಯಾಂಡು."

"ಚಿತ್ರ ಬರೆಯೋದಕ್ಕೂ ಕಾರಿಗೂ ಏನೇ ಸಂಬಂಧ?"

"ನಿನ್ನ ಕೈಗೂ ಕಾಲಿಗೂ ಇರೋ ಸಂಬಂಧ."

ಗುಂಪು ಸೇರುತ್ತಿದ್ದದ್ದು ಲೈಬ್ರರಿಯ ಮೇಲಿನ ಹಾಲಿನಲ್ಲಿ, ವಾರಕ್ಕೆ ಎರಡು ಸಂಜೆ. ಅಲ್ಲೊಂದು ಹಳೆಯ ಟೇಬಲ್ ಟೆನಿಸ್ ಮೇಜು ಇತ್ತು. ಅದರ ಒಂದು ಅರ್ಧವನ್ನು ಗೋಡೆಗೆ ಒರಗಿಸಿ, ಇನ್ನೊಂದು ಅರ್ಧವನ್ನು ಹಾಲಿನ ನಡುವೆ ಎಳೆದು, ಅದರಗಲಕ್ಕೂ ದಪ್ಪ ಬಿಳಿ ಕಾಗದ ಹಾಸಿ ಮೂಲೆಗಳಿಗೆ ಟೇಪು ಅಂಟಿಸುತ್ತಿದ್ದರು. ಸುತ್ತ ಎಂಟು ಕುರ್ಚಿ, ಬದಿಗೆರಡರಂತೆ. ಮೇಜಿನ ಕಾಲುಗಳ ನಡುವೆ ಕೆಳಗೊಂದು ಕಬ್ಬಿಣದ ಅಡ್ಡಪಟ್ಟಿ. ಎಲ್ಲರೂ ಪಾದ ಇಟ್ಟುಕೊಳ್ಳುತ್ತಿದ್ದದ್ದು ಅದರ ಮೇಲೆಯೇ. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಕಾಗದದ ನಡುವೆ ಒಂದು ಚುಕ್ಕೆ ಇಟ್ಟು, ದಾರ ಕಟ್ಟಿದ ಪೆನ್ಸಿಲಿನಿಂದ ಒಂದರ ಹೊರಗೊಂದು ವೃತ್ತ ಎಳೆದು, ಇಡೀ ಹಾಳೆಯನ್ನು ಎಂಟು ಭಾಗ ಮಾಡುತ್ತಿದ್ದರು. ಅಲ್ಲಿಗೆ ಅವರ ಅಳತೆ ಮುಗಿಯಿತು. ಉಳಿದದ್ದೆಲ್ಲ ಬರಿಗೈ, ಕಪ್ಪು ಪೆನ್ನು.

ಪ್ರತಿ ಸುತ್ತಿಗೂ ಒಬ್ಬರು ಒಂದು ಆಕಾರ ಶುರು ಮಾಡುತ್ತಾರೆ: ಎಲೆ, ಅಲೆ, ಎಸಳು, ಬರೀ ಚುಕ್ಕೆಗಳ ಸಾಲು. ಉಳಿದವರು ತಮ್ಮ ತಮ್ಮ ಭಾಗದಲ್ಲಿ ಅದನ್ನೇ ಬರೆಯುತ್ತಾರೆ. ಮೇಷ್ಟ್ರು ಪೆನ್ಸಿಲಿನಿಂದ ಗಾಜಿನ ಲೋಟವನ್ನು ತಟ್ಟಿದರೆ ಶುರು. ಸುತ್ತು ಕೂಡುವವರೆಗೆ ಯಾರೂ ಮಾತಾಡುವ ಹಾಗಿಲ್ಲ. ಉಸಿರು ಬಿಡುವಾಗ ಗೆರೆ ಎಳೆಯಬೇಕು, ಎಳೆದುಕೊಳ್ಳುವಾಗ ಪೆನ್ನು ಎತ್ತಬೇಕು.

ಉಳಿದ ನಿಯಮವನ್ನು ಬ್ರೇಕಮ್ಮನಿಗೆ ತಿಳಿಸಿಕೊಟ್ಟವನು ಕಟಿಂಗ್ ಶಾಪಿನವನು. "ಇಲ್ಲಿ ರಬ್ಬರ್ ಇಲ್ಲ ಮೇಡಂ. ನಮ್ಮ ಅಂಗಡೀಲೂ ಹಂಗೇ, ಕತ್ತರಿಸಿದ್ದು ಮತ್ತೆ ಅಂಟಿಸೋಕಾಗಲ್ಲ. ಒಂದು ಕಡೆ ಕೂದಲು ಜಾಸ್ತಿ ಹೋಯ್ತು ಅನ್ಕೊಳ್ಳಿ, ಇನ್ನೊಂದು ಕಡೇನೂ ಅಷ್ಟೇ ತೆಗೆದುಬಿಡ್ತೀನಿ. ಗಿರಾಕಿ ಸ್ಟೈಲು ಅನ್ಕೊಂಡು ಹೋಗ್ತಾನೆ. ಇಲ್ಲೂ ಅದೇ. ಒಬ್ಬರ ಗೆರೆ ತಪ್ಪಿದ್ರೆ ಉಳಿದ ಏಳು ಜನಾನೂ ಅದೇ ತಪ್ಪು ಬರೀಬೇಕು. ಸುತ್ತು ಮುಗಿಯೋ ಹೊತ್ತಿಗೆ ಅದು ತಪ್ಪು ಅಂತ ಹೇಳೋಕೆ ಯಾರೂ ಉಳಿಯಲ್ಲ."

"ನಿಮ್ಮ ಗಿರಾಕಿಗಳಿಗೆ ಇದು ಗೊತ್ತಾ?" ಎಂದು ಎದುರು ಕುರ್ಚಿಯ ಹೆಂಗಸು ಕೇಳಿದಳು. ಬ್ರೇಕಮ್ಮ ತಲೆಯೆತ್ತಿ ನೋಡಿದವಳೇ ಪೆಚ್ಚಾದಳು. ಔಷಧಿ ಅಂಗಡಿಯವಳು! ಅವಳೂ ಗುರುತು ಹಿಡಿದಳು. "ಬನ್ನಿ ಮೇಡಂ, ಬನ್ನಿ. ಎಷ್ಟು ವರ್ಷ ಆಯ್ತು. ಮೆಟ್ಟಿಲು ಇನ್ನೂ ಹಾಗೇ ಇದೆ. ಅಂಗಡಿ ಎಲ್ಲಿ ಅಂತ ಕೇಳಿದವರಿಗೆ ಮುರುಕು ಮೆಟ್ಟಿಲು ಅಂತಾನೇ ಹೇಳ್ತೀವಿ. ಬೋರ್ಡಿಗಿಂತ ಅದೇ ಚೆನ್ನಾಗಿ ಕೆಲಸ ಮಾಡ್ತಿದೆ."

ಅಷ್ಟರಲ್ಲಿ ಲೋಟದ ಸದ್ದಾಯಿತು, ಬ್ರೇಕಮ್ಮ ಬದುಕಿಕೊಂಡಳು.

ಮೊದಲ ಮಂಡಲ ಎರಡನೇ ಸುತ್ತಿಗೇ ಕೈಕೊಟ್ಟಿತು. ಮಗಳು ಬರೆಯುತ್ತಿದ್ದ ಅಲೆ ಗಡಿ ದಾಟುವಂತೆ ಕಂಡಿತು. ಬ್ರೇಕಮ್ಮ ಯೋಚಿಸಲೂ ಇಲ್ಲ. ಕೈ ತಾನಾಗಿ ಹೋಗಿ, ಇಲ್ಲಿಗೆ ನಿಲ್ಲಿಸು ಎನ್ನುವ ಹಾಗೆ ಮಗಳ ಭಾಗದಲ್ಲಿ ಒಂದು ಚುಕ್ಕೆ ಇಟ್ಟು ಬಂತು. ಮಗಳು ಪೆನ್ನಿನ ಮುಚ್ಚಳ ಹಾಕಿದಳು. ಮೇಷ್ಟ್ರು ಚುಕ್ಕೆಯನ್ನು ನೋಡಿದರು, ತಮ್ಮ ಭಾಗದಲ್ಲಿ ಅದೇ ಜಾಗಕ್ಕೆ ಒಂದು ಚುಕ್ಕೆ ಇಟ್ಟರು. ಕಟಿಂಗ್ ಶಾಪಿನವನು ಇಟ್ಟ. ಔಷಧಿ ಅಂಗಡಿಯವಳು ಇಟ್ಟಳು. ಒಬ್ಬರಾದ ಮೇಲೊಬ್ಬರು ಇಟ್ಟರು. ಬ್ರೇಕಮ್ಮ ಮಗಳ ಮೇಲೆ ಹಾಕಿದ ಕೈ ಇಡೀ ಹಾಳೆಯ ಸುತ್ತ ಎಲ್ಲರಿಗೂ ಕಾಣುವಂತೆ ಕೂತಿತು.

ಮೆಟ್ಟಿಲು ಇಳಿಯುವಾಗ ಮಗಳು, "ಇದು ಲೆಕ್ಕಕ್ಕಿಲ್ಲ. ನೀನೂ ಹೊಸಬರಿಗೆ ಒಂದು ಟ್ರಯಲ್ ಕೊಡ್ತೀಯಲ್ಲ, ಹಾಗೆ. ಮುಂದಿನದು ಮಾತ್ರ ಒಂದೇ ಸಲ" ಎಂದಳು. ಮುಂದಿನ ಪರೀಕ್ಷೆಯ ತಾರೀಕು ಅಷ್ಟರಲ್ಲಿ ಗೊತ್ತಾಗಿತ್ತು. ಬಸ್ ಸ್ಟ್ಯಾಂಡ್ ಹಿಂದಿನವನು ದಿನಾ ಮಗಳ ಫೋನಿಗೆ ಗುಡ್ ಮಾರ್ನಿಂಗ್ ಕಳಿಸಲು ಶುರು ಮಾಡಿದ್ದ.

ಎರಡನೆಯ ಮಂಡಲದಲ್ಲಿ ಬ್ರೇಕಮ್ಮ ಎಡಗೈಯನ್ನು ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂತಳು. ಬಲಗೈಯಲ್ಲಿ ಪೆನ್ನು, ಅದಕ್ಕೆ ತನ್ನ ಕೆಲಸವೇ ಬೇಕಾದಷ್ಟಿತ್ತು. ಮೊದಲ ಸಂಜೆಗಳಲ್ಲಿ ಅವಳಿಗೆ ಬೇಜಾರೋ ಬೇಜಾರು. ಸುಮ್ಮನೆ ಕೂತು ಗೆರೆ ಎಳೆಯುವ ಹೊತ್ತಿಗೆ ಎರಡು ಪಾತ್ರೆ ತೊಳೆಯಬಹುದಿತ್ತು ಎನಿಸುತ್ತಿತ್ತು. ಮನೆಯ ಬೀಗ ಹಾಕಿದ್ದೇನೆಯೋ ಇಲ್ಲವೋ, ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಏನಾಯಿತೋ, ಪಕ್ಕದಲ್ಲಿ ಕೂತವಳು ಮಧ್ಯಾಹ್ನ ಸರಿಯಾಗಿ ತಿಂದಿದ್ದಾಳೋ ಇಲ್ಲವೋ, ಒಂದೊಂದೇ ತಲೆಯೊಳಗೆ ಬಂದು ಸಾಲಾಗಿ ನಿಲ್ಲುತ್ತಿದ್ದವು. ಆಮೇಲೆ ಒಂದು ಸಂಜೆ ಬರೀ ಚುಕ್ಕೆಗಳ ಸುತ್ತು ಬಂತು. ಎಂಟು ಪೆನ್ನುಗಳು ಕಾಗದ ಮುಟ್ಟುವ ಸದ್ದು, ಮೇಷ್ಟ್ರ ಸಿಳ್ಳೆಯಂಥ ಉಸಿರು, ಕೆಳಗೆ ಲೈಬ್ರರಿಯಲ್ಲಿ ಯಾರೋ ಕುರ್ಚಿ ಎಳೆದದ್ದು. ಸುತ್ತು ಕೂಡಿದಾಗ ಅವಳಿಗೆ ಎಚ್ಚರವಾದಂತಾಯಿತು. ಬಗ್ಗಿ ನೋಡಿದಳು. ಬಲಗಾಲು ಅಡ್ಡಪಟ್ಟಿಯ ಮೇಲೆ ಒತ್ತದೆ, ಎಳೆಯದೆ, ಸುಮ್ಮನೆ ಇತ್ತು. ಯಾರದೋ ಕಾಲಿನ ಹಾಗೆ.

ಅಷ್ಟಕ್ಕೆ ಎಲ್ಲ ಸರಿಹೋಯಿತೆಂದಲ್ಲ. ಮರುದಿನ ಕಾರಿನಲ್ಲಿ ಖಾಲಿ ರಸ್ತೆಯಲ್ಲಿ ಹಾರಿಬಂದ ಪ್ಲಾಸ್ಟಿಕ್ ಕವರಿಗೆ ಬ್ರೇಕ್ ಒತ್ತಿದ್ದಳು.

ಕೊನೆಯ ಸುತ್ತಿನ ಹಿಂದಿನ ಸುತ್ತು ದೊಡ್ಡ ಎಸಳುಗಳದ್ದು. ಶುರು ಮಾಡಿದವಳು ಔಷಧಿ ಅಂಗಡಿಯವಳು. ಒಬ್ಬೊಬ್ಬರ ಭಾಗಕ್ಕೆ ಐದೈದು ಎಸಳು. ಬ್ರೇಕಮ್ಮ ಕಣ್ಣಿನಲ್ಲೇ ಅಳೆದು ಮೂರು ಮುಗಿಸಿದ್ದಳು. ಓರೆಗಣ್ಣಿಗೆ ಮಗಳ ಭಾಗ ಕಾಣಿಸಿತು. ಮಗಳ ಎಸಳುಗಳು ಧಾರಾಳವಾಗಿ ಅಗಲ. ಮೂರೇ ಎಸಳಿಗೆ ಜಾಗವೆಲ್ಲ ತುಂಬುತ್ತ ಬಂದಿತ್ತು. ನಾಲ್ಕನೆಯದು ಹಿಡಿಸಬಹುದು, ಐದನೆಯದಕ್ಕೆ ಜಾಗವೆಲ್ಲಿ? ಮಗಳ ಪೆನ್ನು ನಾಲ್ಕನೆಯದಕ್ಕೆ ಹೊರಟಿತು. ಮತ್ತೆ ಅಷ್ಟೇ ಅಗಲ! ಬ್ರೇಕಮ್ಮನ ಪೆನ್ನು ಗಾಳಿಯಲ್ಲಿ ನಿಂತಿತು. ಎಡಗೈ ತೊಡೆಯಡಿಯಲ್ಲಿ ಮಿಸುಕಾಡಿತು. ಅವಳು ಅದನ್ನು ಇನ್ನೂ ಗಟ್ಟಿಯಾಗಿ ಒತ್ತಿ ಕೂತಳು. ಕೈಯನ್ನು ಗೆದ್ದಳು. ಕಾಲನ್ನು ಮರೆತಳು.

ಬಲಗಾಲು ಅಡ್ಡಪಟ್ಟಿಯನ್ನು ಧಡ್ಡೆಂದು ಒತ್ತಿತು.

ಇಡೀ ಮೇಜು ಹಾರಿತು. ಲೋಟ ಉರುಳಿತು. ಕಾಗದದ ಮೇಲಿದ್ದ ಪೆನ್ನುಗಳೆಲ್ಲ ಒಟ್ಟಿಗೆ ಹೊರಕ್ಕೆ ಚಿಮ್ಮಿ ಬಂದವು.

ಸುತ್ತು ಕೂಡುವ ಮೊದಲೇ ಆ ಹಾಲಿನಲ್ಲಿ ಯಾರಾದರೂ ಮಾತಾಡಿದ್ದು ಅದೇ ಮೊದಲು. "ಯಾರಿದು ಲಾರಿ ನುಗ್ಗಿಸಿದ್ದು?" ಎಂದ ಕಟಿಂಗ್ ಶಾಪಿನವನು.

"ಲಾರಿ ಅಲ್ಲ. ನಮ್ಮಮ್ಮ ಬ್ರೇಕ್ ಹಾಕಿದ್ರು" ಎಂದಳು ಮಗಳು.

ಮೇಷ್ಟ್ರು ಮೊದಲು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಬ್ರೇಕಮ್ಮ ನಗಲಿಲ್ಲ. ಅವಳು ಮಗಳ ಕಡೆ ತಿರುಗಿ, ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಮಗುವಿನ ಹಾಗೆ, "ಕೈ ಹಾಕಿಲ್ಲ ಕಣೇ" ಎಂದಳು.

"ಕಾಲು ಹಾಕಿದ್ಯಲ್ಲ."

"ನೀನು ಹೇಳಿದ್ದು ಕೈ ಅಂತ."

ಒಪ್ಪಂದದ ವಿಷಯ ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಈಗ ಮಗಳು ಎಲ್ಲವನ್ನೂ ಹೇಳಿದಳು. ಇಡೀ ಹಾಲ್ ಪಂಚಾಯಿತಿ ಕಟ್ಟೆಯಾಯಿತು. "ಮಾತು ಅಂದ್ರೆ ಮಾತು. ಕೈ ಅಂದಮೇಲೆ ಕೈ. ಮೇಡಂ ಪಾಸು" ಎಂದ ಕಟಿಂಗ್ ಶಾಪಿನವನು. "ಹೋಗಿ ಸುಮ್ನೆ, ಕಾರಿನಲ್ಲಿ ಬ್ರೇಕ್ ಹಾಕೋದು ಕೈಯಲ್ಲೋ ಕಾಲಲ್ಲೋ?" ಎಂದಳು ಔಷಧಿ ಅಂಗಡಿಯವಳು. ಅವಳಿಗೆ ಈ ವಿಷಯದಲ್ಲಿ ಮಾತಾಡುವ ಹಕ್ಕು ಎಲ್ಲರಿಗಿಂತ ಹೆಚ್ಚಿತ್ತು. ಮಗಳು ಎರಡು ಕಡೆಗೂ ತಲೆಯಾಡಿಸಿ, "ಅಂಚು ಮುಗೀಲಿ. ಆಮೇಲೆ ಹೇಳ್ತೀನಿ" ಎಂದಳು.

ಮೇಷ್ಟ್ರು ಅಷ್ಟರಲ್ಲಿ ಹಾಳೆಯ ಮೇಲೆ ಬಗ್ಗಿ ನೋಡುತ್ತಿದ್ದರು. "ನೋಡ್ರಪ್ಪ, ತಪ್ಪು ಹಂಚೋ ಕೆಲಸಾನೇ ಉಳೀತು. ಎಲ್ಲರದ್ದೂ ಒಂದೇ ಸಲ ತಪ್ಪಿದೆ" ಎಂದರು. ಎಸಳಿನ ತುದಿಯಿಂದ ಹೊರಕ್ಕೆ ಮುಳ್ಳಿನಂತೆ ಒಂದು ಸೊಟ್ಟ ಗೆರೆ, ಪ್ರತಿ ಭಾಗದಲ್ಲೂ. ಸುತ್ತ ನೋಡುತ್ತ ಬಂದವರು ಬ್ರೇಕಮ್ಮನ ಮುಂದೆ ನಿಂತರು. ಅವಳ ಭಾಗ ಚೊಕ್ಕಟವಾಗಿತ್ತು. ಮಗಳನ್ನು ನೋಡುತ್ತ ಪೆನ್ನು ಎತ್ತಿ ಕೂತಿದ್ದವಳಿಗೆ ಗೆರೆ ಹಾರುವುದಾದರೂ ಹೇಗೆ?

"ಮೇಡಂ, ನಿಮ್ಮದೊಂದೇ ಬಾಕಿ. ಬರೀರಿ."

"ಏನು ಬರೀಲಿ?"

"ನಮ್ಮೆಲ್ಲರದ್ದು ಏನಿದೆಯೋ ಅದನ್ನ."

ಬ್ರೇಕಮ್ಮ ಪೆನ್ನು ಹಿಡಿದಳು, ಇಳಿಸಿದಳು. "ಬೇಕೂಂತ ತಪ್ಪು ಬರೆಯೋದು ಹೇಗೆ ಮೇಷ್ಟ್ರೇ?"

"ನಂಗೂ ಗೊತ್ತಿಲ್ಲಮ್ಮ. ನನ್ನ ಸರ್ವೀಸಿನಲ್ಲಿ ಮಕ್ಕಳು ಹೇಳಿಕೊಡದೇನೇ ಬರೀತಿದ್ರು."

ಅವಳು ಒಂದು ಚೂರು ಕಾಗದದ ಮೇಲೆ ಬರೆದು ನೋಡಿದಳು. ನೀಟಾದ ಮುಳ್ಳು ಬಂತು. ಔಷಧಿ ಅಂಗಡಿಯವಳು ಬಗ್ಗಿ, "ಇದು ತಪ್ಪಿನ ಹಾಗಿಲ್ಲ ಮೇಡಂ, ತಪ್ಪಿಗೆ ಇಸ್ತ್ರಿ ಹಾಕಿದ ಹಾಗಿದೆ" ಎಂದಳು. ಮತ್ತೊಂದು ಬರೆದಳು, ಅದು ಇನ್ನೂ ನೀಟು. ಇದು ತನ್ನಿಂದ ಆಗದ ಕೆಲಸ ಎಂದು ಅವಳಿಗೆ ಅನಿಸತೊಡಗಿತು. ಇಷ್ಟು ವರ್ಷ ಕಾದು ಕಾದು ತಡೆದದ್ದನ್ನು ಈಗ ಕೂತುಕೊಂಡು ತಾನೇ ಮಾಡಬೇಕೆಂದರೆ ಕೈ ಒಪ್ಪುತ್ತಿರಲಿಲ್ಲ.

"ಅಮ್ಮ, ನೀನು ಎಸಳು ಬರಿ. ಬೇರೆ ಏನೂ ಯೋಚಿಸ್ಬೇಡ" ಎಂದಳು ಮಗಳು.

ಬ್ರೇಕಮ್ಮ ನಾಲ್ಕನೆಯ ಎಸಳು ಶುರು ಮಾಡಿದಳು. ಉಸಿರು ಬಿಟ್ಟಳು, ಗೆರೆ ಮೇಲೇರಿತು, ತುದಿ ತಲುಪಿತು. ಆಗ ಮಗಳು ಮೇಜಿನಡಿಯ ಅಡ್ಡಪಟ್ಟಿಗೆ ಕಾಲಿನಿಂದ ಒಂದು ಬಿಟ್ಟಳು. ಪೆನ್ನು ಚಿಮ್ಮಿ ಹೊರಗೆ ಹೋಯಿತು. ಎಂಟು ಮುಳ್ಳುಗಳಲ್ಲಿ ಅದೇ ಅತಿ ಉದ್ದದ್ದು.

"ಅಯ್ಯೋ, ನಿನ್ನ..." ಎಂದು ಬಾಯಿ ತೆಗೆದ ಬ್ರೇಕಮ್ಮನಿಗೆ ಮಗಳ ಮುಖ ನೋಡಿ ನಗು ಬಂದುಬಿಟ್ಟಿತು.

ಕೊನೆಯ ಸುತ್ತಿನ ಸಂಜೆ ಮೇಜು ಕಾಯುವ ಜವಾಬ್ದಾರಿಯನ್ನು ಕಟಿಂಗ್ ಶಾಪಿನವನು ವಹಿಸಿಕೊಂಡ. "ಮೇಡಂ, ದಯವಿಟ್ಟು ಕಾಲು ಮೇಲಿಟ್ಕೊಂಡು ಕೂತ್ಕೊಳ್ಳಿ. ನಮ್ಮ ಪ್ರಾಣಕ್ಕೆ ಒಳ್ಳೇದು." ಅವಳು ಚಪ್ಪಲಿ ಬಿಟ್ಟು ಕುರ್ಚಿಯ ಮೇಲೇ ಚಕ್ಕಳಮಕ್ಕಳ ಹಾಕಿ ಕೂತಳು. ಆ ಸುತ್ತು ಸರಾಗವಾಗಿ ಕೂಡಿತು ಎನ್ನುವ ಹಾಗಿಲ್ಲ. ತೊಡೆಯಡಿಯಲ್ಲಿ ಕಾಲ್ಬೆರಳುಗಳು ಆಗಾಗ ಮಡಚಿಕೊಳ್ಳುತ್ತಲೇ ಇದ್ದವು. ಆದರೆ ಅಲ್ಲಿ ಒತ್ತಲು ಏನೂ ಇರಲಿಲ್ಲ. ಅಂಚು ಮುಗಿದ ಮೇಲೆ ಎಲ್ಲರೂ ಎದ್ದು ನಿಂತು ನೋಡಿದರು. ಮುಳ್ಳಿನ ಸುತ್ತು ಇಡೀ ಮಂಡಲಕ್ಕೆ ಬೇಲಿಯ ಹಾಗೆ ಕೂತಿತ್ತು. ಮಗಳ ಭಾಗದಲ್ಲಿ ನಾಲ್ಕೇ ಎಸಳು ಇದ್ದದ್ದನ್ನು ಬ್ರೇಕಮ್ಮ ಬಿಟ್ಟರೆ ಯಾರೂ ಗಮನಿಸಲಿಲ್ಲ. ಅವಳು ಹೇಳಲೂ ಇಲ್ಲ.

ಲೈಬ್ರರಿಯ ಮೆಟ್ಟಿಲ ಮೇಲೆ ಮಗಳು ತೀರ್ಪು ಕೊಟ್ಟಳು. "ಭಾನುವಾರ ಬೆಳಿಗ್ಗೆ ನಮ್ಮ ಮನೆ ಕಾರು ತೆಗೀ. ಸ್ಕೂಲಿಂದು ಬೇಡ."

"ನಮ್ಮದರಲ್ಲಿ ಎರಡನೇ ಬ್ರೇಕ್ ಇಲ್ಲ ಕಣೇ!"

"ಗೊತ್ತು."

ಭಾನುವಾರ ಅವರು ಹೋದದ್ದು ಊರಾಚೆಯ ಗೋಡೌನುಗಳ ರಸ್ತೆಗೆ. ಶಟರ್‌ಗಳೆಲ್ಲ ಮುಚ್ಚಿದ್ದವು. ಮಗಳು ಸ್ಟೇರಿಂಗ್ ಹಿಡಿದಳು. ಬ್ರೇಕಮ್ಮ ಪಕ್ಕದಲ್ಲಿ ಕೂತು, ಬೆಲ್ಟು ಹಾಕಿ, ಹ್ಯಾಂಡ್ ಬ್ರೇಕ್ ಎಲ್ಲಿದೆ ಎಂದು ಮುಟ್ಟಿ ನೋಡಿಕೊಂಡು, ಆಮೇಲೆ ಚಪ್ಪಲಿ ಬಿಟ್ಟು ಎರಡೂ ಕಾಲನ್ನು ಸೀಟಿನ ಮೇಲೆ ಮಡಿಚಿ ಇಟ್ಟುಕೊಂಡಳು. ಹಿಂದಿನ ಸೀಟಿನಲ್ಲಿ ಪೇಪರ್ ಹಿಡಿದಿದ್ದ ಗಂಡ, "ಏನೇ, ಧ್ಯಾನಕ್ಕೆ ಕೂತ್ಯಾ?" ಎಂದ.

"ಬಾಯಿ ಮುಚ್ಕೊಂಡು ಬೆಲ್ಟ್ ಹಾಕ್ಕೊಳ್ಳಿ."

ಕಾರು ಹೊರಟಿತು. ಮೊದಲ ತಿರುವು, ಎರಡನೆಯ ತಿರುವು. ರಸ್ತೆಯ ಕೊನೆಯಲ್ಲಿ, ಕಾಂಪೌಂಡಿನ ಮೂಲೆಗೆ ಒಂದು ನೀಲಿ ಕಸದ ಡಬ್ಬಿ ಅರ್ಧ ರಸ್ತೆಗೆ ಬಂದು ನಿಂತಿತ್ತು. ಬ್ರೇಕಮ್ಮನಿಗೆ ಅದು ಬಹಳ ಮುಂಚೆಯೇ ಕಂಡಿತು. ಮಗಳಿಗೆ ಕಂಡಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ಹೇಳಲು ಬಾಯಿ ತೆರೆದಳು, ಮುಚ್ಚಿದಳು. ಕಾಲ್ಬೆರಳುಗಳು ತೊಡೆಯನ್ನು ಒತ್ತಿದವು. ಡಬ್ಬಿ ಹತ್ತಿರ ಬಂತು. ಅವಳು ಉಸಿರನ್ನು ಮೆಲ್ಲಗೆ ಹೊರಗೆ ಬಿಡುತ್ತ ಹೋದಳು, ಬಿಡಲು ಇನ್ನೇನೂ ಉಳಿಯದಷ್ಟು.

ಮಗಳು ಬ್ರೇಕ್ ಒತ್ತಿದಳು. ಕೊಂಚ ತಡವಾಗಿ. ಟಕ್ ಎಂದಿತು. ಡಬ್ಬಿ ನಿಧಾನವಾಗಿ ವಾಲಿ ಮಗ್ಗುಲಿಗೆ ಬಿತ್ತು. ಹಿಂದೆ ಪೇಪರಿನ ಸದ್ದು ನಿಂತಿತು.

ಬ್ರೇಕಮ್ಮ ಬರಿಗಾಲಿನಲ್ಲೇ ಇಳಿದಳು. ಬಂಪರಿನ ಮೇಲೆ ಬೆರಳುದ್ದದ ಗೀರು, ಅದರೊಳಗೆ ಒಂದಿಷ್ಟು ನೀಲಿ ಬಣ್ಣ. ಬಗ್ಗಿ ಬೆರಳಿನಿಂದ ಉಜ್ಜಿದಳು. ಹೋಗಲಿಲ್ಲ. ಮಗಳು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಮ್ಮಾ?" ಎಂದಳು.

"ಬ್ರೇಕ್ ಹಾಕಿದ್ದು ಯಾರು?"

"ನಾನೇ."

"ಸರಿ ಮತ್ತೆ. ಇನ್ನೊಂಚೂರು ಮೊದಲು ಹಾಕು."

ಅವಳು ಡಬ್ಬಿಯನ್ನು ಎತ್ತಿ ನಿಲ್ಲಿಸಿದಳು. ಗೋಡೆಯ ಕಡೆ ಸರಿಸಿದರೆ ರಸ್ತೆ ಪೂರ್ತಿ ತೆರವಾಗುತ್ತಿತ್ತು. ಸರಿಸಲು ಕೈ ಹಾಕಿಯೂ ಇದ್ದಳು. ಒಂದು ಗಳಿಗೆ ಹಾಗೇ ನಿಂತು, ಡಬ್ಬಿ ಮೊದಲು ಎಲ್ಲಿತ್ತೋ ನೋಡಿ ಸರಿಯಾಗಿ ಅಲ್ಲೇ ಇಟ್ಟಳು. ವಾಪಸ್ ಬಂದು ಕೂತು, ಅಂಗಾಲಿನ ಮಣ್ಣು ಕೊಡವಿ, ಕಾಲುಗಳನ್ನು ಮಡಿಚಿಕೊಂಡಳು.

"ರಿವರ್ಸ್ ತಗೋ. ಆ ತಿರುವಿನಿಂದ ಮತ್ತೆ ಬಾ."